ಹುಚ್ಚೆಳ್ಳು: ರಾಗಿ ಹೊಲದ ಅಂಚಿನ ಹಳದಿ ಹೂವು

ಹುಚ್ಚೆಳ್ಳು ಸೂರ್ಯಕಾಂತಿ, ಸೇವಂತಿಗೆ ಮತ್ತು ಚೆಂಡುಹೂಗಳ ಕುಟುಂಬವಾದ ಆಸ್ಟರೇಸೀಗೆ ಸೇರಿದ ಎಣ್ಣೆಕಾಳಿನ ಬೆಳೆ. ಇದರ ಸಸ್ಯಶಾಸ್ತ್ರೀಯ ನಾಮ ಗೈಜೋಷಿಯ ಅಬಿಸಿನಿಕ. ಅಬಿಸಿನಿಯ ಎಂಬುದು ಇಥಿಯೋಪಿಯದ ಹಳೆಯ ಹೆಸರು. ಈ ಬೆಳೆಯ ತವರು ಅದೇ. ಅಲ್ಲಿ ಇದನ್ನು ‘ನೂಗ್’ ಎನ್ನುತ್ತಾರೆ.

ಹೆಸರಿನ ಹಿನ್ನೆಲೆ: ಹುಚ್ಚು + ಎಳ್ಳು = ಹುಚ್ಚೆಳ್ಳು. ಮಕ್ಕಳು ವ್ಯಾಕರಣದಲ್ಲಿ ಓದುವ ಲೋಪಸಂಧಿಗೆ ಇದು ಒಳ್ಳೆಯ ಉದಾಹರಣೆ. ಎಳ್ಳಿನಂತೆ ಕಂಡರೂ ಇದು ಎಳ್ಳಲ್ಲ. ನಿಜವಾದ ಎಳ್ಳು ಬೇರೆಯೇ ಕುಟುಂಬದ ಸಸ್ಯ. ತಮಿಳಿನ ‘ಪೇಯೆಳ್ಳು’, ತೆಲುಗಿನ ‘ವೆರ್ರಿ ನುವ್ವುಲು’ ಎಂಬ ಹೆಸರುಗಳೂ ಇದೇ ಭಾವದವು. ತಮಿಳಿನಲ್ಲಿ ‘ಉಚ್ಚೆಳ್ಳು’ ಎಂಬ ರೂಪವೂ ಇದೆ. ಉತ್ತರ ಕರ್ನಾಟಕದಲ್ಲಿ ಇದು ಗುರೆಳ್ಳು ಅಥವಾ ಕಾರೆಳ್ಳು.

ಸಸ್ಯದ ಸ್ವರೂಪ: ಇದು ಒಂದೇ ಹಂಗಾಮಿನಲ್ಲಿ ಬಾಳುವ ನೆಟ್ಟಗಿನ ಗಿಡ. ನಾವು ಒಂದು ಹೂವೆಂದು ತಿಳಿಯುವುದು ವಾಸ್ತವವಾಗಿ ಅನೇಕ ಕಿರುಹೂಗಳ ಗೊಂಚಲು. ಅಂಚಿನ ಎಸಳುಗಳೂ ನಡುವಿನ ಕಿರುಹೂಗಳೂ ಹಳದಿ; ಕಾಳು ಕಪ್ಪಗೆ, ಹೊಳಪಾಗಿರುತ್ತದೆ. ಒಂದೇ ಗಿಡದ ಪರಾಗದಿಂದ ಕಾಳು ಸರಿಯಾಗಿ ಕಟ್ಟುವುದಿಲ್ಲ. ಗಿಡದಿಂದ ಗಿಡಕ್ಕೆ ಪರಾಗ ಒಯ್ಯಲು ಜೇನುನೊಣಗಳು ಬೇಕೇ ಬೇಕು.

ನಮ್ಮ ಸೀಮೆಯಲ್ಲಿ: 1965ರಲ್ಲಿ ಸೇಲಂನಿಂದ ಧರ್ಮಪುರಿ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆ ಜಿಲ್ಲೆಗಳಾದವು. ಜಿಲ್ಲೆಯ ಗಡಿ ಬದಲಾದರೂ ಈ ಮಳೆಯಾಶ್ರಿತ ನೆಲದ ಮುಖ್ಯ ಧಾನ್ಯ ರಾಗಿಯೇ. ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳುಗಳನ್ನು ಸಾಲಾಗಿ ಬಿತ್ತುವುದಕ್ಕೆ ಅಕ್ಕಡಿ ಎಂದು ಹೆಸರು. ಹುಚ್ಚೆಳ್ಳನ್ನು ದನಕರುಗಳು ಇಷ್ಟಪಟ್ಟು ಮೇಯುವುದಿಲ್ಲವಾದ್ದರಿಂದ ಹೊಲದ ಅಂಚಿನ ಸಾಲು ಬೇಲಿಯ ಕೆಲಸವನ್ನೂ ಮಾಡುತ್ತದೆ. ಕೃಷ್ಣಗಿರಿ ಜಿಲ್ಲೆಯ ಪೈಯೂರಿನ ಕೃಷಿ ಸಂಶೋಧನಾ ಕೇಂದ್ರವು ‘ಪೈಯೂರು 1’ ಎಂಬ ಹುಚ್ಚೆಳ್ಳಿನ ತಳಿಯನ್ನು ನೀಡಿದೆ.

ಉಪಯೋಗಗಳು: ಕಾಳಿನ ತೂಕದಲ್ಲಿ ಸುಮಾರು 35ರಿಂದ 40 ಭಾಗ ಎಣ್ಣೆ. ಇದನ್ನು ಅಡುಗೆಗೂ ದೀಪಕ್ಕೂ ಬಳಸುತ್ತಾರೆ. ಗಾಣದಲ್ಲಿ ಉಳಿದ ಹಿಂಡಿ ದನಗಳಿಗೆ ಮೇವು. ಕಾಳನ್ನು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿಸಿ ಕುಟ್ಟಿದರೆ ಚಟ್ನಿಪುಡಿ. ಬದನೆಕಾಯಿ ಪಲ್ಯಕ್ಕೆ ಹುರಿದ ಪುಡಿ ಉದುರಿಸಿದರೆ ಅದರ ರುಚಿಯೇ ಬೇರೆ. ಹೊರದೇಶಗಳಲ್ಲಿ ಇದು ಸಾಕುಹಕ್ಕಿಗಳ ಆಹಾರ.

ಬೆಳೆಯುವವರಿಗೆ: ಬಿತ್ತನೆ ಬೀಜದಲ್ಲಿ ಕಸ್ಕ್ಯೂಟದ ಬೀಜ ಬೆರೆತಿರಬಾರದು. ಎಲೆಯಿಲ್ಲದ, ಹಳದಿ ದಾರದಂತಹ ಈ ಪರಾವಲಂಬಿ ಬಳ್ಳಿಯು ಗಿಡವನ್ನು ಸುತ್ತಿ ಸಾರ ಹೀರುತ್ತದೆ. 2025-26ರ ಮುಂಗಾರು ಹಂಗಾಮಿಗೆ ಕೇಂದ್ರ ಸರ್ಕಾರವು ಹುಚ್ಚೆಳ್ಳಿಗೆ ಕ್ವಿಂಟಾಲಿಗೆ 9,537 ರೂಪಾಯಿ ಬೆಂಬಲ ಬೆಲೆ ಪ್ರಕಟಿಸಿತು. ಹಿಂದಿನ ವರ್ಷಕ್ಕಿಂತ ಇದು 820 ರೂಪಾಯಿ ಹೆಚ್ಚು; ಆ ಸಾಲಿನ ಮುಂಗಾರು ಬೆಳೆಗಳಲ್ಲೇ ಅತಿ ದೊಡ್ಡ ಏರಿಕೆ.

ಉಳಿಸಬೇಕಾದದ್ದು: ರಾಗಿ ಹೊಲವು ಟೊಮೇಟೊ ತೋಟವೋ ಮನೆ ನಿವೇಶನವೋ ಆದಲ್ಲಿ ಮೊದಲು ಹೋಗುವುದು ಅಕ್ಕಡಿ ಸಾಲು. ಸಾಲಿನೊಡನೆ ಜೇನಿಗೆ ಮೇವು ಹೋಗುತ್ತದೆ. ಅಕ್ಕಡಿ, ಹಿಂಡಿ, ಗಾಣ ಎಂಬ ಮಾತುಗಳೂ ಮನೆಯಿಂದ ಹೋಗುತ್ತವೆ. ಈ ಪದಗಳು ಪಠ್ಯಪುಸ್ತಕದಲ್ಲಿ ಸಿಗುವುದು ಅಪರೂಪ. ಅಜ್ಜಿ ತಾತಂದಿರ ಬಾಯಲ್ಲಿ ಇನ್ನೂ ಇವೆ. ಆದುದರಿಂದ ಪೋಷಕರಲ್ಲಿ ಒಂದು ವಿನಂತಿ. ಹೂ ಬಿಡುವ ಕಾಲದಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಿರಿ. ಒಂದು ಹೂವನ್ನು ಬಿಡಿಸಿ ಕಿರುಹೂಗಳನ್ನು ಎಣಿಸಲಿ. ಗಿಡದ ಹೆಸರನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆದುಕೊಳ್ಳಲಿ. ಒಂದು ಹಿಡಿ ಬೀಜವನ್ನು ಮುಂದಿನ ಮಳೆಗೆ ಎತ್ತಿಡಲಿ.