ಪಟ್ಟಿಯ ಹೊರಗುಳಿದವರು: ಕಲಿಕಾ ನ್ಯೂನತೆ ಮತ್ತು ಸರ್ಕಾರಿ ಅನುದಾನ

ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲೇ ಓದಿಸಲು ಕೇಂದ್ರ ಸರ್ಕಾರ 1974ರಲ್ಲಿ ಐಇಡಿಸಿ ಎಂಬ ಯೋಜನೆ ತಂದಿತು. ಕಲ್ಯಾಣ ಇಲಾಖೆಯಲ್ಲಿದ್ದ ಅದು 1982ರಲ್ಲಿ ಶಿಕ್ಷಣ ಇಲಾಖೆಗೆ ಬಂತು. 1992ರ ಪರಿಷ್ಕೃತ ನಿಯಮಗಳಲ್ಲಿ ಪುಸ್ತಕಕ್ಕೆ ವರ್ಷಕ್ಕೆ 400 ರೂಪಾಯಿ, ಸಮವಸ್ತ್ರಕ್ಕೆ 200, ಓಡಾಟಕ್ಕೆ ತಿಂಗಳಿಗೆ 50, ಅಂಧ ಮಕ್ಕಳಿಗೆ ಓದಿ ಹೇಳುವವರಿಗೆ 50 ಎಂದು ಬಾಬತ್ತುವಾರು ಬರೆದಿದೆ. ಅದರಲ್ಲೇ ಎಂಟು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕನ ವೇತನವೂ ಇತ್ತು. ನನ್ನ ದೃಷ್ಟಿಯಲ್ಲಿ ಆ ಯೋಜನೆಯ ದೊಡ್ಡ ಆಸ್ತಿ ಅದೇ.

ಏಕೆಂದರೆ ಕಲಿಕಾ ನ್ಯೂನತೆಯಿರುವ ಮಗುವಿಗೆ ಬೇಕಿರುವುದು ಶಿಕ್ಷಕರ ಸಮಯ. ಮೂರನೇ ತರಗತಿಯ ಅಂಥ ಹುಡುಗಿ ಬಾಯಿಲೆಕ್ಕ ಥಟ್ಟನೆ ಹೇಳುತ್ತಾಳೆ, ಕೇಳಿದ ಕಥೆಯನ್ನು ಒಂದೂ ಬಿಡದೆ ಒಪ್ಪಿಸುತ್ತಾಳೆ. ಬರೆಯಲು ಕೂತರೆ 'ಅಕ್ಕ' ಎಂಬಲ್ಲಿ ಒತ್ತಕ್ಷರ ಬಿಟ್ಟುಹೋಗುತ್ತದೆ, 'ಬ' ಇರಬೇಕಾದಲ್ಲಿ 'ಭ' ಬರುತ್ತದೆ, ಒಂದು ಸಾಲು ಓದುವಷ್ಟರಲ್ಲಿ ಬೆವರುತ್ತಾಳೆ. ಕಣ್ಣು, ಕಿವಿ, ಕೈಕಾಲು ಎಲ್ಲವೂ ಸರಿಯಿರುವುದರಿಂದ 'ಸೋಮಾರಿ' ಎಂಬ ಹೆಸರು ಅಂಟಿಕೊಳ್ಳುತ್ತದೆ.

ಈ ಮಗುವನ್ನು ಕಾನೂನೂ ಕಾಣಲಿಲ್ಲ. 1995ರ ಅಂಗವಿಕಲರ ಅಧಿನಿಯಮ ಹೆಸರಿಸಿದ್ದು ಏಳು ಬಗೆಯ ವೈಕಲ್ಯಗಳನ್ನು, ಕಲಿಕಾ ನ್ಯೂನತೆ ಅವುಗಳಲ್ಲಿ ಇಲ್ಲ. ಸರ್ವ ಶಿಕ್ಷಣ ಅಭಿಯಾನ ಯಾವ ಮಗುವನ್ನೂ ತಿರಸ್ಕರಿಸಬಾರದೆಂದು ಸಾರಿ, ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 1,200 ರೂಪಾಯಿ, ಎಂದರೆ ತಿಂಗಳಿಗೆ ನೂರು ರೂಪಾಯಿ, ನಿಗದಿ ಮಾಡಿತು. ಅದು ಮುಂದೆ 3,000 ಆಯಿತು. ಆದರೆ ತಪಾಸಣಾ ಶಿಬಿರಗಳು ಹಂಚಿದ್ದು ಗಾಲಿಕುರ್ಚಿ, ಶ್ರವಣ ಸಾಧನ, ಊರುಗೋಲು. ಒತ್ತಕ್ಷರ ಬಿಡುವ ಹುಡುಗಿಗೆ ಕೊಡಲು ಅಲ್ಲಿ ಏನೂ ಇರಲಿಲ್ಲ. 2009ರಲ್ಲಿ ಪ್ರೌಢಶಾಲೆ ಮತ್ತು ಪಿಯು ಹಂತಕ್ಕೆಂದು ಬಂದ ಐಇಡಿಎಸ್‌ಎಸ್ ಯೋಜನೆ ಇನ್ನೂ ನಿಚ್ಚಳ. ಒಂಬತ್ತು ವೈಕಲ್ಯಗಳನ್ನು ಎಣಿಸಿ, ಕಲಿಕಾ ನ್ಯೂನತೆಯನ್ನು ಮುಂದೆಂದಾದರೂ ಸೇರಿಸಬಹುದಾದವುಗಳ ಸಾಲಿಗೆ ತಳ್ಳಿತು.

2016ರ ಅಧಿನಿಯಮ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿದಾಗ 'ನಿರ್ದಿಷ್ಟ ಕಲಿಕಾ ನ್ಯೂನತೆ' ಕೊನೆಗೂ ಒಳಗೆ ಬಂತು. 2018ರ ಜನವರಿಯ ಮಾರ್ಗಸೂಚಿ ಅದನ್ನು ಅಳೆಯಲು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳನ್ನೇ ಗೊತ್ತುಪಡಿಸಿತು. ಶಾಲೆಯಲ್ಲಿ ಪ್ರಾಥಮಿಕ ತಪಾಸಣೆ, ಆಮೇಲೆ ಮಕ್ಕಳ ತಜ್ಞರು, ಆಮೇಲೆ ಮನಶ್ಶಾಸ್ತ್ರಜ್ಞರು. ಎಂಟು ವರ್ಷ ತುಂಬದೆ ಪ್ರಮಾಣಪತ್ರವಿಲ್ಲ. ವೈದ್ಯಕೀಯವಾಗಿ ಈ ಎಚ್ಚರಿಕೆ ನ್ಯಾಯವಾದದ್ದೇ. ಆದರೆ ಅನುದಾನವನ್ನೂ ಅದೇ ಕಾಗದಕ್ಕೆ ಕಟ್ಟಿಹಾಕಿದರೆ ಅಕ್ಷರ ಕೂಡಿಸಿ ಓದಲು ಕಲಿಯುವ ಒಂದನೇ, ಎರಡನೇ ತರಗತಿಗಳು ನೆರವಿಲ್ಲದೆ ಕಳೆದುಹೋಗುತ್ತವೆ. ಜಿಲ್ಲಾ ಆಸ್ಪತ್ರೆಗೆ ಮತ್ತೆ ಮತ್ತೆ ಅಲೆಯಲು ದಿನಗೂಲಿ ಬಿಡಲಾಗದ ತಂದೆತಾಯಿಗೆ ಆ ಕಾಗದ ಆಮೇಲೂ ಕೈಗೆಟುಕುವುದಿಲ್ಲ.

2018ರ ಸಮಗ್ರ ಶಿಕ್ಷಣ ಯೋಜನೆ ತಲಾ ಮೊತ್ತವನ್ನು 3,500ಕ್ಕೆ ಏರಿಸಿತು. ತಿಂಗಳಿಗೆ ಹಂಚಿದರೆ 300 ರೂಪಾಯಿಯೂ ಆಗದು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ, ಮುಂದಿನ ಹಂತಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. ಇದರೊಂದಿಗೆ ಚರ್ಚೆ ತಲಾ ಮೊತ್ತದಿಂದ ಹುದ್ದೆಗಳತ್ತ ಮರಳಿತು. ಕರ್ನಾಟಕದಲ್ಲಿ ಈ ಕೆಲಸ ತಾಲ್ಲೂಕು ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ (ಬಿಐಇಆರ್‌ಟಿ) ಮೇಲಿದೆ. ಹಾಸಿಗೆ ಹಿಡಿದ ಮಕ್ಕಳ ಮನೆಗಳಿಗೂ ಹೋಗಬೇಕಾದವರು ಅವರೇ.