ಮುದ್ದಾ ತೀರಿದ ಮಾಲು

ಪುಣೆ–ಸೋಲಾಪುರ ಹೆದ್ದಾರಿಯ ಇಂದಾಪುರದಲ್ಲಿ ಮರಾಠಿ ಪತ್ರಿಕೆ ಬಿಡಿಸಿದರೆ, ಅಪರಾಧ ಸುದ್ದಿಯ ಅಂಕಣದಲ್ಲಿ ಕನ್ನಡಿಗನಿಗೂ ತಡವಿಲ್ಲದೆ ತಿಳಿಯುವ ಮಾತೊಂದು ಸಿಗುತ್ತದೆ: ಇಷ್ಟು ಲಕ್ಷದ ‘ಮುದ್ದೆಮಾಲು’ ಜಪ್ತಿ. ವಿಜಯಪುರ, ಬೆಳಗಾವಿ, ಧಾರವಾಡದ ಕಡೆ ಪೊಲೀಸರೂ ವಕೀಲರೂ ಇದೇ ಶಬ್ದ ಆಡುತ್ತಾರೆ. ಮುಂಬಯಿ ಇಲಾಖೆಯ ಕಾಲದಿಂದ ಉಳಿದ ಆಸ್ತಿ ಅದು. ಮೈಸೂರು ಸೀಮೆಯಲ್ಲಿ ‘ಮಹಜರು’ ಎನ್ನುವುದನ್ನು ಆ ಕಡೆ ‘ಪಂಚನಾಮೆ’ ಎನ್ನುವ ಹಾಗೆಯೇ. ಮಂಡ್ಯದವರು ಮೊದಲ ಸಲ ಕೇಳಿದರೆ ನಗುತ್ತಾರೆ. ಅವರ ಮುದ್ದೆ ರಾಗಿಯದು, ಪಕ್ಕದಲ್ಲಿ ಬಸ್ಸಾರು ಇರಬೇಕು.

ಈ ‘ಮುದ್ದೆ’ಯ ಮೂಲ ‘ಮುದ್ದಾ’. ನಾವು ಕೋರ್ಟಿನಲ್ಲಿ ಹೂಡುವ ‘ದಾವೆ’ ಯಾವ ಅರಬ್ಬಿ ಮನೆತನದ್ದೋ ಇದೂ ಅಲ್ಲಿಯದೇ. ಮರಾಠಿಯಲ್ಲಿ ಮುದ್ದಾ ಎಂದರೆ ವಾದದ ಅಂಶ, ಚರ್ಚೆಗೆ ಬಂದ ವಿಷಯ. ಅದಕ್ಕೆ ಆಧಾರವಾಗಿ ಹಿಡಿದಿಟ್ಟ ಸಾಮಾನು ಮುದ್ದೆಮಾಲು. ಕದ್ದ ಸೈಕಲ್ಲು, ನಕಲಿ ನೋಟು, ಕೊಲೆಗೆ ಬಳಸಿದ ಕೊಯ್ತಾ, ರಕ್ತ ಹತ್ತಿದ ಲುಂಗಿ ಎಲ್ಲಕ್ಕೂ ಒಂದೇ ಹೆಸರು, ಒಂದೇ ಕೋಣೆ. ಮನೆಯಲ್ಲೂ ಶಬ್ದ ಓಡಾಡುತ್ತದೆ. ಬೆಲ್ಲದ ಡಬ್ಬಿಯೊಳಗೆ ಕೈಯಿಟ್ಟ ಮೊಮ್ಮಗ ‘ಮುದ್ದೆಮಾಲು ಸಮೇತ’ ಸಿಕ್ಕಿಬೀಳುತ್ತಾನೆ.

ನನ್ನ ಕುತೂಹಲವಿರುವುದು ಮೊಕದ್ದಮೆ ಮುಗಿದ ಮೇಲಿನ ಸಂಗತಿಯಲ್ಲಿ. ತೀರ್ಪು ಬಂತು, ಮುದ್ದಾ ತೀರಿತು. ಮಾಲು ಮಾತ್ರ ಅಲ್ಲೇ ಕೂತಿರುತ್ತದೆ. ಅದನ್ನು ಏನು ಮಾಡುವುದು?

ಸರ್ಕಾರಕ್ಕೆ ಇದು ಹಳೆಯ ತಲೆನೋವು. ಗುಜರಾತಿನ ಪೊಲೀಸ್ ಠಾಣೆಯೊಂದರಲ್ಲಿ ಕಾಯಬೇಕಾದವರೇ ಬೆಲೆಬಾಳುವ ಮುದ್ದೆಮಾಲು ತೆಗೆದು ನಕಲಿ ಇಟ್ಟರು, ಅಪ್ಪಣೆಯಿಲ್ಲದೆ ಹರಾಜನ್ನೂ ಹಾಕಿದರು ಎಂಬ ಆರೋಪದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಇಂಥ ವಸ್ತುಗಳನ್ನು ಠಾಣೆಯಲ್ಲಿ ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳಿಗಿಂತ ಜಾಸ್ತಿ ಇಟ್ಟುಕೊಳ್ಳಬಾರದೆಂದು ಕೋರ್ಟು 2002ರಲ್ಲಿ ಹೇಳಿತು. ಹೇಳಿದ್ದು ಎಷ್ಟರಮಟ್ಟಿಗೆ ನಡೆದಿದೆ ಎಂಬುದಕ್ಕೆ ಯಾವ ಠಾಣೆಯ ಹಿತ್ತಲನ್ನಾದರೂ ನೋಡಿ: ಹುಲ್ಲು ಬೆಳೆದ ಬೈಕುಗಳು. ಇಂದಾಪುರದ ಕಡೆ ಉಜನಿ ಜಲಾಶಯದ ಹಿನ್ನೀರಿನಲ್ಲಿ ಕಳ್ಳತನದಿಂದ ಮರಳೆತ್ತುವ ದೋಣಿ ಸಿಕ್ಕರೆ ಕಂದಾಯ ಅಧಿಕಾರಿಗಳು ಜಿಲೆಟಿನ್ ಇಟ್ಟು ನೀರಿನಲ್ಲೇ ಸಿಡಿಸಿಬಿಡುವುದುಂಟು. ದಂಡೆಗೆ ಎಳೆದು ತಂದು ಇಡುವುದಾದರೂ ಎಲ್ಲಿ?

ಕೊಲೆಯ ಮಾಲಿನ ಗತಿಯೇ ಬೇರೆ. ದೋಣಿಯನ್ನು ಆಸೆಪಡುವವನು ಮರಳಿಗಾಗಿ ಆಸೆಪಡುತ್ತಾನೆ. ಕೊಲೆಗಾರನ ಅಂಗಿಯನ್ನು ಆಸೆಪಡುವವನಿಗೆ ಏನು ಬೇಕು? ಅಮೆರಿಕದಲ್ಲಿ ಇಂಥವರು ಎಷ್ಟಿದ್ದಾರೆಂದರೆ ಅವರ ಸರಕಿಗೆ ‘ಮರ್ಡರಾಬಿಲಿಯಾ’ ಎಂಬ ಹೆಸರೇ ಬಿದ್ದಿದೆ. ಹೂಸ್ಟನ್ ನಗರದಲ್ಲಿ ಅಪರಾಧಕ್ಕೆ ಬಲಿಯಾದವರ ಪರ ಕೆಲಸ ಮಾಡುತ್ತಿದ್ದ ಆಂಡಿ ಕಹಾನ್ ಆ ಹೆಸರನ್ನು ಬೈಗುಳದಂತೆ ಬಳಸಿ ಹರಡಿದರು. ಅವರ ಗಲಾಟೆಯ ಫಲವಾಗಿ 2001ರಲ್ಲಿ ಇಬೇ ಈ ಮಾರಾಟವನ್ನು ನಿಲ್ಲಿಸಿತು. ವ್ಯಾಪಾರ ಪಕ್ಕದ ಓಣಿಗೆ ಹೋಯಿತು. ಕನ್ನಡದಲ್ಲಿ ಏನೆನ್ನೋಣ? ‘ಕೊಲೆ ಸ್ಮರಣಿಕೆ’ ಎಂದರೆ ಶಾಲು, ಹಾರ, ಹಣ್ಣಿನ ಬುಟ್ಟಿಯೂ ಜೊತೆಗೆ ಬಂದುಬಿಡುತ್ತವೆ.

ಹೆಸರು ಹೊಸದು, ಚಟ ಹಳೆಯದು. ವಿಸ್ಕಾನ್ಸಿನ್‌ನ ಕೊಲೆಗಾರ ಎಡ್ ಗೀನ್‌ನ ಫೋರ್ಡ್ ಕಾರು 1958ರ ಹರಾಜಿನಲ್ಲಿ 760 ಡಾಲರಿಗೆ ಹೋಯಿತು. ಕೊಂಡವನು ಜಾತ್ರೆಗಳಲ್ಲಿ ಅದನ್ನು ನಿಲ್ಲಿಸಿ, ನೋಡಲು ತಲೆಗೆ 25 ಸೆಂಟ್ ವಸೂಲು ಮಾಡಿದ. ಇಂಗ್ಲೆಂಡಿನ ಗ್ಲಾಸ್ಟರ್ ನಗರಸಭೆ ಇಂಥವರನ್ನು ಚೆನ್ನಾಗಿ ಬಲ್ಲದು. ಸರಣಿ ಕೊಲೆಗಾರರಾದ ಫ್ರೆಡ್ ವೆಸ್ಟ್ ದಂಪತಿಯ ಮನೆಯನ್ನು 1996ರಲ್ಲಿ ಕೆಡವಿದಾಗ, ಯಾರೂ ಒಂದು ಚೂರನ್ನೂ ಒಯ್ಯಬಾರದೆಂದು ಇಟ್ಟಿಗೆಯನ್ನು ಪುಡಿ ಮಾಡಿಸಿತು, ಮರಮುಟ್ಟನ್ನು ಸುಡಿಸಿತು.

ಅದೇ ವೆಸ್ಟ್‌ನ ಹೆಸರು ಹಿಡಿದು ಬ್ರಿಸ್ಟಲ್‌ನ ಮನಶ್ಶಾಸ್ತ್ರಜ್ಞ ಬ್ರೂಸ್ ಹುಡ್ ತಮ್ಮ ಉಪನ್ಯಾಸಗಳಲ್ಲಿ ಒಂದು ಪ್ರಯೋಗ ಮಾಡುತ್ತಿದ್ದರು. ಒಂದು ಹಳೆಯ ಸ್ವೆಟರ್ ತೋರಿಸಿ, ಯಾರು ಹಾಕಿಕೊಳ್ಳುತ್ತೀರಿ ಎನ್ನುವರು. ಕೈಗಳು ಏಳುವವು. ಇದು ಫ್ರೆಡ್ ವೆಸ್ಟ್‌ನದು ಎಂದೊಡನೆ ಹೆಚ್ಚಿನವು ಇಳಿಯುವವು. ಉಣ್ಣೆ ಅದೇ, ಗುಂಡಿ ಅದೇ. ಇಂಗ್ಲೆಂಡಿನವರಿಗೆ ಇದು ವಿಸ್ಮಯವಾಗಿರಬಹುದು, ‘ಮೈಲಿಗೆ’ ಎಂಬ ಶಬ್ದವನ್ನು ಹಾಲಿನೊಂದಿಗೆ ಕುಡಿದ ನಮಗೆ ಏನೂ ಆಶ್ಚರ್ಯವಿಲ್ಲ. ನಾವು ಗಮನಿಸಬೇಕಾದದ್ದು ಇಳಿಯದೆ ಉಳಿದ ಕೈಗಳನ್ನು. ಮುಟ್ಟಿದರೆ ಅಂಟುತ್ತದೆ ಎಂಬ ನಂಬಿಕೆ ಅವರಲ್ಲೂ ಅಷ್ಟೇ ಗಟ್ಟಿ. ಅಂಟಲಿ ಎಂಬುದೇ ಅವರ ಆಸೆ. ಸಂಗ್ರಾಹಕ ಕೊಲೆಯನ್ನು ಮೆಚ್ಚಿದವನಾಗಿರಬೇಕಿಲ್ಲ. ಅಪಾಯ ಕಳೆದ ಮೇಲೆ ಅಪಾಯದ ಪಕ್ಕ ನಿಂತು ಬಂದೆ ಎನ್ನುವ ರಸೀದಿ ಅವನಿಗೆ ಬೇಕು.

ನಮ್ಮಲ್ಲಿ ಇಂಥದ್ದಿಲ್ಲ ಎಂದು ಬೀಗುವ ಮೊದಲು ಕೋಲ್ಕತ್ತ ನೆನಪಿರಲಿ. 2004ರ ಆಗಸ್ಟ್ 14ರಂದು ಕೊಲೆ ಅಪರಾಧಿ ಧನಂಜಯ ಚಟರ್ಜಿಯನ್ನು ಗಲ್ಲಿಗೇರಿಸಿದ ನಾಟಾ ಮಲ್ಲಿಕ್‌ನ ಮನೆಗೆ, ನೇಣಿನ ಹಗ್ಗದ ತುಂಡನ್ನು ತಾಯಿತವಾಗಿ ಕಟ್ಟಿಕೊಳ್ಳಲು ಜನ ಬಂದರು. ಆತ ಮಾರಿದ್ದು ಪತ್ರಿಕೆಗಳಲ್ಲಿ ಬಂತು. ಅಮೆರಿಕದವನು ಗಾಜಿನ ಕಪಾಟಿನಲ್ಲಿಡುವುದನ್ನು ನಾವು ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಇನ್ನು ಕನ್ನಡದವರು ವಸ್ತುವಿಗಿಂತ ಕಥೆ ಕೂಡಿಸುವವರು. ಅಪರಾಧ ಕಥೆಗಳಿಗೆ ಹೆಸರಾದ ‘ಹಾಯ್ ಬೆಂಗಳೂರ್!’ ವಾರಪತ್ರಿಕೆಯ ಸಂಚಿಕೆಗಳನ್ನು ಕಟ್ಟು ಹಾಕಿಸಿಟ್ಟವರು ಕಪಾಟಿನ ಬಾಗಿಲು ತೆರೆದು ನೋಡಿಕೊಳ್ಳಲಿ.

ಇಂದಾಪುರದಿಂದ ಬಾರಾಮತಿಗೆ ಹೆಚ್ಚು ದೂರವಿಲ್ಲ. ಗಾಂಧಿಯನ್ನು ಕೊಂದ ನಾಥೂರಾಮ್ ಗೋಡ್ಸೆ ಹುಟ್ಟಿದ್ದು ಅಲ್ಲಿ, 1910ರ ಮೇ 19ರಂದು. ಕೆಂಪುಕೋಟೆಯ ವಿಶೇಷ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. 1949ರ ನವೆಂಬರ್ 15ರಂದು ಅಂಬಾಲಾ ಜೈಲಿನಲ್ಲಿ ಗಲ್ಲಾಯಿತು. ಶವವನ್ನು ಮನೆಯವರಿಗೆ ಕೊಡದೆ ಅಲ್ಲೇ ದಹಿಸಿದರು. ಏನೂ ಉಳಿಯಬಾರದೆಂಬುದೇ ಸರ್ಕಾರದ ಎಣಿಕೆ, ಗ್ಲಾಸ್ಟರ್‌ನವರ ಎಣಿಕೆಯೂ ಅದೇ. ಆದರೂ ಅಸ್ಥಿಯೆಂದು ಹೇಳುವ ಬೂದಿಯ ಕಲಶ ಪುಣೆ ಸೇರಿತು. ಸಿಂಧೂ ನದಿ ಅಖಂಡ ಭಾರತದಲ್ಲಿ ಹರಿಯುವ ದಿನ ಅದರಲ್ಲಿ ಬಿಡಬೇಕೆಂಬುದು ಅವನ ಕೊನೆಯ ಇಚ್ಛೆ; ಹಾಗಾಗಿ ಕುಟುಂಬ ಅದನ್ನು ವಿಸರ್ಜಿಸದೆ ಇಟ್ಟುಕೊಂಡಿದೆ. ನವೆಂಬರ್ 15ಕ್ಕೆ ಜನ ಸೇರುತ್ತಾರೆ. ಗೀನ್‌ನ ಕಾರಿನ ಮುಂದೆ ಕಾಸು ಕೊಟ್ಟು ನಿಂತವರಿಗೆ ಮುದ್ದಾ ಏನೂ ಇರಲಿಲ್ಲ. ಇಲ್ಲಿ ಸೇರುವವರ ಮಟ್ಟಿಗೆ ಮುದ್ದಾ ತೀರಿಯೇ ಇಲ್ಲ. ತೀರ್ಪನ್ನು ಒಪ್ಪದವರು ಮಾಲನ್ನು ಕಾದಿಟ್ಟಿದ್ದಾರೆ. ಕುತೂಹಲಿಯ ಕಪಾಟಿಗಿಂತ ನನಗೆ ಇದೇ ಹೆಚ್ಚು ಭಯ ಹುಟ್ಟಿಸುತ್ತದೆ.

ಕೊಲೆಯಾದವರ ಕಡೆಯ ವಸ್ತುವಿಗೂ ಗಿರಾಕಿಗಳುಂಟು. ಗಾಂಧಿ ಬಿದ್ದ ಜಾಗದ ಮಣ್ಣು, ಹುಲ್ಲು ಎಂದು ಹೇಳಿದ ಪೆಟ್ಟಿಗೆಯೊಂದು 2012ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ 10,000 ಪೌಂಡಿಗೆ ಮಾರಾಟವಾಯಿತು. ಸುಡಲೆಂದೇ ಕೊಂಡವರೂ ಇದ್ದಾರೆ. ಅಮೆರಿಕದಲ್ಲಿ 33 ಕೊಲೆಗಳಿಗೆ ಶಿಕ್ಷೆಯಾದ ಜಾನ್ ವೇಯ್ನ್ ಗೇಸಿ ಜೈಲಿನಲ್ಲಿ ಚಿತ್ರ ಬರೆಯುತ್ತಿದ್ದ. 1994ರಲ್ಲಿ ಅವನಿಗೆ ಮರಣದಂಡನೆಯಾದ ಮೇಲೆ ಇಬ್ಬರು ಅವನ ಚಿತ್ರಗಳನ್ನು ಹಣ ಕೊಟ್ಟು ಕೊಂಡು, ಸತ್ತ ಹುಡುಗರ ಮನೆಯವರನ್ನೂ ಕರೆದು, ಎಲ್ಲವನ್ನೂ ಬೆಂಕಿಗೆ ಹಾಕಿದರು. ಸುಡುವುದಕ್ಕೂ ಮೊದಲು ಮಾರಾಟಗಾರನಿಗೆ ದುಡ್ಡು ಸಂದಾಯವಾಗಬೇಕಾಯಿತು, ನೋಡಿ.

ಮಹಾರಾಷ್ಟ್ರದ ಸೆಷನ್ಸ್ ಕೋರ್ಟಿನ ಕೊಲೆ ತೀರ್ಪುಗಳ ಕೊನೆಗೆ ಹೆಚ್ಚಾಗಿ ಒಂದು ಸಾಲು ಇರುತ್ತದೆ: ಮುದ್ದೆಮಾಲು ಬೆಲೆಯಿಲ್ಲದ್ದಾದ್ದರಿಂದ ಅಪೀಲಿನ ಅವಧಿ ಮುಗಿದ ಮೇಲೆ ನಾಶ ಮಾಡತಕ್ಕದ್ದು. ಕತ್ತಿ, ಮಣ್ಣಿನ ಪೊಟ್ಟಣ, ರಕ್ತದ ಬಟ್ಟೆ ಎಲ್ಲವೂ ಆ ‘ಬೆಲೆಯಿಲ್ಲದ’ ಪಟ್ಟಿಯಲ್ಲಿ. ಸತ್ತವಳ ತಾಳಿ, ಓಲೆ, ಮೊಬೈಲು ಮಾತ್ರ ಬೆಲೆಯುಳ್ಳವು. ಅವನ್ನು ಮನೆಯವರು ಅರ್ಜಿ ಹಾಕಿ, ಗುರುತು ಹೇಳಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ಅಪೀಲು ಹೈಕೋರ್ಟಿಗೆ ಹೋದರೆ ಮತ್ತೆ ಕೆಲವು ವರ್ಷ ಕಾಯಬೇಕಾದೀತು. ಮುದ್ದೆಮಾಲು ಕೋಣೆಯ ಗುಮಾಸ್ತರನ್ನು ಹೆಸರು ಹಿಡಿದು ಮಾತಾಡಿಸುವಷ್ಟು ಸಲ ಅಲ್ಲಿಗೆ ಅಲೆಯುವವರು ಇವರೇ.