ಪದಗಡಿ (ರೆಗ್ಯುಲರ್ ಎಕ್ಸ್‌ಪ್ರೆಶನ್)

ಪದಗಡಿ ಎಂಬುದು ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳಲ್ಲಿ, ಅಂದರೆ ಪಠ್ಯದೊಳಗೆ ನಿರ್ದಿಷ್ಟ ವಿನ್ಯಾಸದ ಅಕ್ಷರಸರಣಿಯನ್ನು ಹುಡುಕಲು ಬಳಸುವ ಸೂತ್ರಗಳಲ್ಲಿ, ಪದವು ಆರಂಭವಾಗುವ ಅಥವಾ ಮುಗಿಯುವ ಸ್ಥಾನವನ್ನು ಸೂಚಿಸುವ ಸಂಕೇತವಾಗಿದೆ. ಪದವೊಂದು ಇಡಿಯಾಗಿ ಬಂದಿರುವಲ್ಲಿ ಮಾತ್ರ ಅದನ್ನು ಗುರುತಿಸಲು ಇದನ್ನು ಬಳಸಲಾಗುತ್ತದೆ. ಉದಾಹರಣೆಗೆ, ‘ಮರ’ ಎಂದು ಹುಡುಕಿದಾಗ ‘ಅಮರ’, ‘ಸಮರ’, ‘ಮರಳು’ ಪದಗಳ ಭಾಗವೂ ಹೊಂದುತ್ತದೆ. ಇವನ್ನು ಹೊರಗಿಡುವುದು ಪದಗಡಿಯ ಉದ್ದೇಶ.

ಬರೆಯುವ ಕ್ರಮ

ಪರ್ಲ್, ಪೈಥಾನ್, ಜಾವಾ ಮತ್ತು ಜಾವಾಸ್ಕ್ರಿಪ್ಟ್ ಭಾಷೆಗಳಲ್ಲಿ ಬ್ಯಾಕ್‌ಸ್ಲ್ಯಾಶ್‌ನ ನಂತರ ಇಂಗ್ಲಿಷಿನ ಚಿಕ್ಕ ‘ಬಿ’ ಅಕ್ಷರವನ್ನು ಬರೆಯಲಾಗುತ್ತದೆ. ಪೈಥಾನ್‌ನ ಸಾಮಾನ್ಯ ಸ್ಟ್ರಿಂಗ್‌ನಲ್ಲಿ ಇದೇ ಸಂಕೇತಕ್ಕೆ ಬ್ಯಾಕ್‌ಸ್ಪೇಸ್ ಎಂಬ ಅರ್ಥವಿರುವುದರಿಂದ ಅಲ್ಲಿ ‘ರಾ ಸ್ಟ್ರಿಂಗ್’ ಬಳಸಬೇಕಾಗುತ್ತದೆ. ವಿಮ್ ಸಂಪಾದಕದಲ್ಲಿ ಪದದ ಆರಂಭಕ್ಕೆ \< ಮತ್ತು ಅಂತ್ಯಕ್ಕೆ \> ಎಂಬ ಪ್ರತ್ಯೇಕ ಸಂಕೇತಗಳಿವೆ.

ಕಾರ್ಯವಿಧಾನ

ಪದಗಡಿಯು ಯಾವುದೇ ಅಕ್ಷರಕ್ಕೆ ಹೊಂದುವುದಿಲ್ಲ. ಅದು ಶೂನ್ಯ ಅಗಲದ ಒಂದು ಸ್ಥಾನ. ಅದರ ಒಂದು ಬದಿಯಲ್ಲಿ ‘ಪದಾಕ್ಷರ’ವಿದ್ದು, ಇನ್ನೊಂದು ಬದಿಯಲ್ಲಿ ಪದಾಕ್ಷರವಲ್ಲದ ಚಿಹ್ನೆ ಅಥವಾ ಪಠ್ಯದ ಅಂಚು ಇರಬೇಕು. ಸಾಂಪ್ರದಾಯಿಕವಾಗಿ ಇಂಗ್ಲಿಷ್ ಅಕ್ಷರಗಳು, 0ಯಿಂದ 9ರವರೆಗಿನ ಅಂಕಿಗಳು ಮತ್ತು ಅಡಿಗೆರೆ ಮಾತ್ರ ಪದಾಕ್ಷರಗಳು.

ಕನ್ನಡ ಪಠ್ಯದಲ್ಲಿನ ತೊಡಕುಗಳು

ಜಾವಾಸ್ಕ್ರಿಪ್ಟ್ ಈ ಸಾಂಪ್ರದಾಯಿಕ ವ್ಯಾಖ್ಯೆಯನ್ನೇ ಅನುಸರಿಸುವುದರಿಂದ ಸಂಪೂರ್ಣ ಕನ್ನಡ ಪಠ್ಯದಲ್ಲಿ ಅದಕ್ಕೆ ಪದಗಡಿಯೇ ಕಾಣುವುದಿಲ್ಲ. ಪೈಥಾನ್ 3ರ ‘ಆರ್‌ಇ’ ಮಾಡ್ಯೂಲ್ ಕನ್ನಡದ ಸ್ವರ ಮತ್ತು ವ್ಯಂಜನಗಳನ್ನು ಪದಾಕ್ಷರಗಳೆಂದು ಪರಿಗಣಿಸಿದರೂ ಯುನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತಗಳಾಗಿರುವ ಸ್ವರಚಿಹ್ನೆ ಮತ್ತು ವಿರಾಮವನ್ನು ಪರಿಗಣಿಸುವುದಿಲ್ಲ. ಆದ್ದರಿಂದ ಪದದ ನಡುವೆಯೇ ಗಡಿಗಳು ಉಂಟಾಗುತ್ತವೆ. ಎರಡೂ ಬದಿಗೆ ಪದಗಡಿಯಿಟ್ಟು ‘ಮರ’ ಎಂದು ಹುಡುಕಿದರೂ ‘ಚಾಮರ’ ಮತ್ತು ‘ಮರಿ’ ಪದಗಳಲ್ಲಿ ಅದು ಹೊಂದುತ್ತದೆ. ‘ಊರು’ ಎಂಬುದು ಸ್ವರಚಿಹ್ನೆಯಲ್ಲಿ ಕೊನೆಗೊಳ್ಳುವುದರಿಂದ ಫಲಿತಾಂಶ ತಿರುಗುಮುರುಗಾಗುತ್ತದೆ: ಖಾಲಿ ಜಾಗದ ಹಿಂದಿರುವ ‘ಊರು’ ಸಿಗುವುದಿಲ್ಲ, ‘ಊರುಗಳು’ ಪದದ ಒಳಗಿನದು ಸಿಗುತ್ತದೆ. ಉಕಾರಾಂತ ಪದಗಳು ಹೇರಳವಾಗಿರುವ ಕನ್ನಡದಲ್ಲಿ ಇಂತಹ ಹುಡುಕಾಟದಿಂದ ಪಡೆದ ಪದಗಣನೆಯೂ ಪದಬದಲಾವಣೆಯೂ ದೋಷಪೂರ್ಣವಾಗುತ್ತವೆ.

ಪರಿಹಾರಗಳು

ಸ್ವರಚಿಹ್ನೆಗಳಂತಹ ಸಂಯೋಜಕ ಚಿಹ್ನೆಗಳನ್ನೂ ಪದಾಕ್ಷರಗಳಲ್ಲಿ ಸೇರಿಸಬೇಕೆಂದು ಯುನಿಕೋಡ್ ತಾಂತ್ರಿಕ ಮಾನದಂಡ 18 ಶಿಫಾರಸು ಮಾಡುತ್ತದೆ. ಪರ್ಲ್ ಭಾಷೆ ಇದನ್ನು ಅನುಸರಿಸುತ್ತದೆ. ಉಳಿದೆಡೆ, ಪದದ ಹಿಂದೆ ಮುಂದೆ ಯುನಿಕೋಡ್‌ನ ಕನ್ನಡ ವಿಭಾಗದ 128 ಸ್ಥಾನಗಳ ಯಾವ ಚಿಹ್ನೆಯೂ ಇರಬಾರದೆಂಬ ನಿಷೇಧಾತ್ಮಕ ಹಿನ್ನೋಟ ಮತ್ತು ಮುನ್ನೋಟಗಳನ್ನು ಬರೆಯಬಹುದು. ಗಡಿ ಸರಿಯಾದ ಮೇಲೂ ‘ಮರದ’, ‘ಮರಗಳು’ ಮುಂತಾದ ಪ್ರತ್ಯಯಸಹಿತ ರೂಪಗಳು ಇಡೀ ಪದದ ಹುಡುಕಾಟದಲ್ಲಿ ಸಿಗುವುದಿಲ್ಲ. ಅವಕ್ಕೆ ಪದರೂಪ ವಿಶ್ಲೇಷಣೆ ಬೇಕಾಗುತ್ತದೆ.